ಲೋಹಭಸ್ಮಗಳೂ ಸೂರ್ಯನ ಬೆಳಕೂ

ನಮ್ಮ ಶಾಲೆಯ ಪೂರ್ವವಿದ್ಯಾರ್ಥಿನಿಯರಲ್ಲಿ ಅನೇಕರು ನನ್ನಿಂದ ರಸಾಯನಶಾಸ್ತ್ರದ ಮೊದಲ ಪಾಠಗಳನ್ನು ಕಲಿತವರು. ಕಬ್ಬಿಣವು ತುಕ್ಕು ಹಿಡಿಯುವ ಪಾಠವು ಅವರಿಗೆ ನೆನಪಿರಬಹುದು. ಮೂರು ಗಾಜಿನ ನಳಿಗೆಗಳಲ್ಲಿ ಮೂರು ಮೊಳೆಗಳನ್ನಿಟ್ಟು, ಒಂದಕ್ಕೆ ನೀರನ್ನೂ ಗಾಳಿಯನ್ನೂ, ಇನ್ನೊಂದಕ್ಕೆ ಕುದಿಸಿ ಆರಿಸಿ ಮೇಲೆ ಎಣ್ಣೆ ಹೊಯ್ದ ನೀರನ್ನು ಮಾತ್ರ, ಮತ್ತೊಂದಕ್ಕೆ ಒಣಗಿದ ಗಾಳಿಯನ್ನು ಮಾತ್ರ ಕೊಟ್ಟು, ಒಂದು ವಾರದ ಮೇಲೆ ಪರೀಕ್ಷಿಸುವ ಪಾಠವದು. ಒಂದು ವರ್ಷ ಆ ಪಾಠದ ಕೊನೆಯಲ್ಲಿ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, "ಟೀಚರ್, ತುಕ್ಕಿನಿಂದ ಏನಾದರೂ ಪ್ರಯೋಜನ ಉಂಟೇ?" ಎಂದು ಕೇಳಿದಳು. ಗಂಟೆ ಬಾರಿಸುವ ಹೊತ್ತಾಗಿತ್ತು. "ಇಲ್ಲ. ತುಕ್ಕೆಂದರೆ ಕಬ್ಬಿಣದ ನಾಶ. ಅದರಿಂದ ಯಾವ ಪ್ರಯೋಜನವೂ ಇಲ್ಲ. ಬರೆದುಕೊಳ್ಳಿರಿ" ಎಂದೆನು. ನಲವತ್ತು ಮಂದಿ ಹುಡುಗಿಯರು ಹಾಗೆಯೇ ಬರೆದುಕೊಂಡರು. ಆ ನಲವತ್ತು ಪುಸ್ತಕಗಳಲ್ಲಿಯೂ ಆ ವಾಕ್ಯದ ಬದಿಯಲ್ಲಿ ಕೆಂಪು ಶಾಯಿಯಿಂದ ಸರಿಯೆಂಬ ಗುರುತನ್ನು ಹಾಕಿದವಳು ನಾನೇ.

ಹನ್ನೆರಡು ವರ್ಷಗಳ ತರುವಾಯ ಅದೇ ಹುಡುಗಿಯು ನನ್ನನ್ನು ನೋಡಲು ಬಂದಳು. ಉಪಚಾರದ ಮಾತುಗಳು ಮುಗಿದ ಮೇಲೆ ಕೈಚೀಲದಿಂದ ಅಂಚೆಚೀಟಿಯಷ್ಟು ಅಗಲದ ಗಾಜಿನ ತುಂಡೊಂದನ್ನು ತೆಗೆದು ಮೇಜಿನ ಮೇಲಿಟ್ಟು, "ಇದೇನು, ಹೇಳಿರಿ ಟೀಚರ್" ಎಂದಳು. ಗಾಜಿನ ಮೇಲೆ ತೆಳುವಾಗಿ ಕೆಂಪು ಲೇಪವಿತ್ತು. ರಂಗೋಲಿಯ ಅಂಚಿಗೆ ಎಳೆಯುವ ಕೆಮ್ಮಣ್ಣಿನಂತಿದೆಯಲ್ಲಾ ಎಂದೆನು. "ಅದೇ ಜಾತಿ. ತುಕ್ಕು ಟೀಚರ್. ನಾನೇ ಬೆಳೆಸಿದ್ದು. ಬಿಸಿಲಿಗಿಟ್ಟು ನೀರನ್ನು ಒಡೆಯುವ ಕೆಲಸಕ್ಕೆ" ಎಂದಳು. ಅವಳು ನನ್ನ ಹಳೆಯ ಉತ್ತರವನ್ನು ಎತ್ತಿ ಆಡಲಿಲ್ಲ. ಅದು ನೆನಪಾದದ್ದು ನನಗೆ. ತಪ್ಪಾಗಿ ಹೇಳಿಕೊಟ್ಟ ಪಾಠವನ್ನು ತಿದ್ದಿ ಹೇಳುವುದು ಉಪಾಧ್ಯಾಯಿನಿಯ ಧರ್ಮವಾದುದರಿಂದ, ಈ ವಿಷಯವನ್ನು ಓದಿ ತಿಳಿದಷ್ಟನ್ನು ಈ ಸಂಚಿಕೆಯ ಮೂಲಕ ನಿಮ್ಮ ಮುಂದಿಡುತ್ತೇನೆ.

೧. ಲೋಹಭಸ್ಮವೆಂದರೇನು?

ಲೋಹವು ಆಮ್ಲಜನಕದೊಡನೆ ಕೂಡಿದಾಗ ಉಂಟಾಗುವ ವಸ್ತುವಿಗೆ ಆಕ್ಸೈಡು ಎಂದು ಹೆಸರು. ನಮ್ಮ ಹಿರಿಯರು ಇಂಥವುಗಳಲ್ಲಿ ಕೆಲವನ್ನು ಭಸ್ಮವೆಂದು ಕರೆಯುತ್ತಿದ್ದರು. ಇವು ನಮಗೆ ಅಪರಿಚಿತ ವಸ್ತುಗಳಲ್ಲ. ಮಕ್ಕಳ ಮೈಗೆ ತುರಿಕೆಯಾದಾಗ ಹಚ್ಚುವ ಕ್ಯಾಲಮೈನ್ ಲೇಪದಲ್ಲಿರುವುದು ಸತುವಿನ ಆಕ್ಸೈಡು. ಗೋಡೆಗೆ ಬಳಿಯುವ ಬಿಳಿಯ ಬಣ್ಣದಲ್ಲಿರುವುದು ಟೈಟಾನಿಯಂ ಎಂಬ ಲೋಹದ ಆಕ್ಸೈಡು. ತುಕ್ಕು, ಕಾವಿ, ಕೆಮ್ಮಣ್ಣು ಇವುಗಳಲ್ಲಿರುವುದು ಕಬ್ಬಿಣದ ಆಕ್ಸೈಡು. ತುಕ್ಕಿನಲ್ಲಿ ನೀರಿನ ಅಂಶವೂ ಸೇರಿರುವುದು. ಅದನ್ನು ಚೆನ್ನಾಗಿ ಕಾಯಿಸಿದರೆ ನೀರು ಹೋಗಿ ಹೆಮಟೈಟ್ ಎಂಬ ಕೆಂಪು ವಸ್ತುವು ಉಳಿಯುವುದು. ಬಳ್ಳಾರಿ ಮತ್ತು ಸಂಡೂರು ಸೀಮೆಯ ಗಣಿಗಳಿಂದ ತೆಗೆಯುವ ಕಬ್ಬಿಣದ ಅದಿರು ಬಹುಮಟ್ಟಿಗೆ ಈ ಹೆಮಟೈಟೇ ಆಗಿದೆ.

ಇವುಗಳಿಗೆ ಸಾಮಾನ್ಯವಾದ ಗುಣಗಳು ಮೂರು. ಬೆಲೆ ಕಡಿಮೆ, ಭೂಮಿಯಲ್ಲಿ ಹೇರಳ, ಈಗಾಗಲೇ ಆಮ್ಲಜನಕದೊಡನೆ ಕೂಡಿಬಿಟ್ಟಿರುವುದರಿಂದ ಗಾಳಿಯಲ್ಲಿಟ್ಟರೂ ಇನ್ನು ಕೆಡುವ ಭಯವಿಲ್ಲ. ಸುಟ್ಟ ಬೂದಿಯು ಮತ್ತೆ ಸುಡುವುದಿಲ್ಲವಷ್ಟೆ. ನಾನು ನಾಶವೆಂದು ಹೇಳಿಕೊಟ್ಟ ಆ ಗುಣವೇ ಇಲ್ಲಿ ಬಲವಾಗಿ ಪರಿಣಮಿಸಿತು.

೨. ಬೆಳಕು ಮಾಡುವ ಕೆಲಸ

ಆಕ್ಸೈಡಿನ ಒಳಗೆ ಎಲೆಕ್ಟ್ರಾನುಗಳೆಂಬ ವಿದ್ಯುತ್ಕಣಗಳು ಕೆಳಗಿನ ಮೆಟ್ಟಿಲಿನಲ್ಲಿ ಕುಳಿತಿರುವುವೆಂದು ಭಾವಿಸಿರಿ. ಮೇಲಿನ ಮೆಟ್ಟಿಲು ಖಾಲಿಯಾಗಿದೆ; ನಡುವೆ ನಿಲ್ಲಲು ಸ್ಥಳವಿಲ್ಲ. ಸಾಕಷ್ಟು ಶಕ್ತಿಯುಳ್ಳ ಬೆಳಕು ತಗುಲಿದರೆ ಎಲೆಕ್ಟ್ರಾನು ಒಮ್ಮೆಗೆ ಮೇಲಕ್ಕೆ ಹಾರುವುದು. ಅದು ಬಿಟ್ಟುಹೋದ ಜಾಗದಲ್ಲಿ ಒಂದು ತೆರವು ಉಳಿಯುವುದು. ಮೇಲಕ್ಕೆ ಹಾರಿದ ಎಲೆಕ್ಟ್ರಾನನ್ನು ತಂತಿಯ ಮೂಲಕ ಹೊರಕ್ಕೆ ಕರೆದುಕೊಂಡು ಹೋದರೆ ವಿದ್ಯುತ್ತು ದೊರೆಯುವುದು. ಕರೆದುಕೊಂಡು ಹೋಗಲು ತಡಮಾಡಿದರೆ ಅದು ಪುನಃ ತೆರವಿನೊಳಗೆ ಬಿದ್ದು, ಹಿಡಿದ ಬೆಳಕೆಲ್ಲವೂ ಬರಿಯ ಬಿಸಿಯಾಗಿ ವ್ಯರ್ಥವಾಗುವುದು. ಆದುದರಿಂದ ಕೆಲಸ ಎರಡು: ಬೆಳಕನ್ನು ಹಿಡಿಯುವುದೊಂದು, ಹಾರಿದ್ದನ್ನು ಬೀಳುವುದರೊಳಗೆ ಹೊರಗೆ ತರುವುದು ಇನ್ನೊಂದು. ಎರಡನೆಯದೇ ಕಷ್ಟವಾದದ್ದು.

೧೯೭೨ರಲ್ಲಿ ಜಪಾನಿನ ಅಕಿರಾ ಫುಜಿಶಿಮಾ ಮತ್ತು ಕೆನಿಚಿ ಹೊಂಡಾ ಎಂಬ ಇಬ್ಬರು ವಿಜ್ಞಾನಿಗಳು ಒಂದು ಪ್ರಯೋಗವನ್ನು ಪ್ರಕಟಿಸಿದರು. ಟೈಟಾನಿಯಂ ಆಕ್ಸೈಡಿನ ಹರಳೊಂದನ್ನು ನೀರಿನಲ್ಲಿಟ್ಟು, ತಂತಿಯಿಂದ ಪ್ಲಾಟಿನಂ ಲೋಹಕ್ಕೆ ಜೋಡಿಸಿ, ಹರಳಿನ ಮೇಲೆ ಬೆಳಕನ್ನು ಬಿಟ್ಟಾಗ, ಹರಳಿನ ಕಡೆಯಲ್ಲಿ ಆಮ್ಲಜನಕವೂ ಪ್ಲಾಟಿನಂ ಕಡೆಯಲ್ಲಿ ಜಲಜನಕವೂ ಹೊರಟವು. ಬೆಳಕು ನೀರನ್ನು ಒಡೆದಿತ್ತು. ಇದರ ಮಹತ್ವವೇನೆಂದರೆ, ವಿದ್ಯುತ್ತನ್ನು ಕೂಡಿಡುವುದು ಕಷ್ಟ, ಜಲಜನಕವನ್ನಾದರೋ ಸೀಸೆಯಲ್ಲಿ ತುಂಬಿಟ್ಟು ರಾತ್ರಿಯಲ್ಲಿಯೂ ಉರಿಸಬಹುದು. ಹಗಲಿನ ಬಿಸಿಲನ್ನು ರಾತ್ರಿಗೆ ಉಳಿಸುವ ದಾರಿಯೊಂದು ಕಂಡಿತು.

ಆದರೆ ಟೈಟಾನಿಯಂ ಆಕ್ಸೈಡಿನ ಮೆಟ್ಟಿಲು ಬಹಳ ಎತ್ತರ. ಕಣ್ಣಿಗೆ ಕಾಣದ ಅತಿನೇರಳೆ ಕಿರಣಗಳಿಗೆ ಮಾತ್ರ ಅಷ್ಟು ಎತ್ತರಕ್ಕೆ ಹಾರಿಸುವ ಶಕ್ತಿಯುಂಟು. ಬಿಸಿಲಿನಲ್ಲಿ ಅವುಗಳ ಪಾಲು ನೂರಕ್ಕೆ ಸುಮಾರು ೫ ಮಾತ್ರ. ಮಿಕ್ಕ ಬೆಳಕನ್ನು ಆ ಪುಡಿಯು ಹಿಡಿಯದೆ ಚದರಿಸಿಬಿಡುವುದು. ಅದು ಬೆಳ್ಳಗೆ ಕಾಣುವುದಕ್ಕೆ ಕಾರಣವೂ ಇದೇ. ಕೆಮ್ಮಣ್ಣಿನ ಮೆಟ್ಟಿಲು ಇದಕ್ಕಿಂತ ತಗ್ಗು. ನೇರಳೆಯಿಂದ ಹಳದಿಯವರೆಗಿನ ಬೆಳಕನ್ನೆಲ್ಲಾ ಅದು ನುಂಗಿ, ಕೆಂಪನ್ನು ಮಾತ್ರ ಬಿಡುವುದು. ಹಾಗಾದರೆ ಕೆಮ್ಮಣ್ಣನ್ನೇ ಏಕೆ ಉಪಯೋಗಿಸಬಾರದು?

೩. ಕೆಮ್ಮಣ್ಣಿನ ಕಷ್ಟ

ಇಲ್ಲಿ ಅಳತೆಯ ಮಾತು ಬರುವುದು. ಒಂದು ಮಿಲಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿದರೆ ಒಂದು ಪಾಲಿಗೆ ನ್ಯಾನೋಮೀಟರು ಎಂದು ಹೆಸರು. ನಮ್ಮ ತಲೆಗೂದಲಿನ ದಪ್ಪವು ಸುಮಾರು ೮೦,೦೦೦ ನ್ಯಾನೋಮೀಟರು. ಕೆಮ್ಮಣ್ಣಿನ ಒಳಗೆ ಹುಟ್ಟಿದ ತೆರವು ಸುಮಾರು ೨ರಿಂದ ೪ ನ್ಯಾನೋಮೀಟರು ದೂರ ಸಾಗುವುದರೊಳಗೆ ನಾಶವಾಗಿ ಹೋಗುವುದು. ಅಷ್ಟರೊಳಗೆ ಅದು ನೀರನ್ನು ಮುಟ್ಟಬೇಕು. ಬೆಳಕಿಗಾದರೋ ಕೆಮ್ಮಣ್ಣಿನಲ್ಲಿ ಪೂರ್ಣವಾಗಿ ಹೀರಲ್ಪಡಲು ಕೆಲವು ನೂರು ನ್ಯಾನೋಮೀಟರು ದಪ್ಪ ಬೇಕು. ಲೇಪವನ್ನು ತೆಳುವಾಗಿ ಮಾಡಿದರೆ ಬೆಳಕು ಹಿಡಿಯಲ್ಪಡದೆ ಹಾದುಹೋಗುವುದು. ದಪ್ಪವಾಗಿ ಮಾಡಿದರೆ ತೆರವು ನೀರನ್ನು ತಲಪುವುದಿಲ್ಲ. ಈ ಇಕ್ಕಟ್ಟಿನಿಂದಾಗಿ ಬಹುಕಾಲ ಕೆಮ್ಮಣ್ಣಿನಿಂದ ಹೇಳಿಕೊಳ್ಳುವಷ್ಟು ಫಲ ಬರಲಿಲ್ಲ.

ಪರಿಹಾರವನ್ನು ನಮ್ಮ ಶಾಲೆಯ ಕಟ್ಟಡದಿಂದಲೇ ತೋರಿಸಬಹುದು. ನೂರು ಸಾಲು ಮಕ್ಕಳು ಕುಳಿತಿರುವ ದೊಡ್ಡ ಸಭಾಮಂದಿರಕ್ಕೆ ಮುಂದುಗಡೆ ಒಂದೇ ಬಾಗಿಲಿದೆಯೆಂದೂ, ಯಾವ ಮಗುವೂ ಎರಡು ಸಾಲಿಗಿಂತ ಹೆಚ್ಚು ದೂರ ನಡೆಯಲಾರದೆಂದೂ ಭಾವಿಸಿರಿ. ಗಂಟೆ ಬಾರಿಸಿದರೆ ಮುಂದಿನ ಎರಡು ಸಾಲಿನವರು ಮಾತ್ರ ಹೊರಬೀಳುವರು. ಅದೇ ಮಕ್ಕಳನ್ನು ನಮ್ಮ ಉದ್ದವಾದ ಜಗಲಿಯ ಮೇಲೆ ಇಬ್ಬಿಬ್ಬರಂತೆ ಕೂರಿಸಿದರೆ? ಜಗಲಿಯ ಉದ್ದ ಎಷ್ಟಾದರೂ ಇರಲಿ, ಪ್ರತಿಯೊಂದು ಮಗುವಿಗೂ ಅಂಗಳವು ಒಂದೇ ಹೆಜ್ಜೆಯ ದೂರ. ಹಾಗೆಯೇ ಕೆಮ್ಮಣ್ಣನ್ನು ಹಲಗೆಯಂತೆ ಬಳಿಯದೆ, ಅತಿ ಸಣ್ಣ ಕಡ್ಡಿಗಳಾಗಿ ಗಾಜಿನ ಮೇಲೆ ನೆಟ್ಟಗೆ ನಿಲ್ಲಿಸಿದರೆ, ಬೆಳಕು ಕಡ್ಡಿಯ ಉದ್ದಕ್ಕೂ ಇಳಿಯುತ್ತಾ ಪೂರ್ಣವಾಗಿ ಹೀರಲ್ಪಡುವುದು. ತೆರವು ಅಡ್ಡಲಾಗಿ ಒಂದೇ ಹೆಜ್ಜೆಯಲ್ಲಿ ನೀರನ್ನು ಸೇರುವುದು. ವಸ್ತುವು ಅದೇ. ಬದಲಾದದ್ದು ಅದರ ಆಕಾರ ಒಂದೇ. ಇಂಥ ಸೂಕ್ಷ್ಮಾಕಾರಗಳಿಗೆ ನ್ಯಾನೋರಚನೆಗಳೆಂದು ಹೆಸರು.

೪. ಬೆಳೆಸುವ ಕ್ರಮ

ಇಷ್ಟು ಸಣ್ಣ ಕಡ್ಡಿಗಳನ್ನು ಯಾವ ಉಳಿಯಿಂದಲೂ ಕೆತ್ತಲು ಸಾಧ್ಯವಿಲ್ಲ, ಬೆಳೆಸಬೇಕು. ಬೆಳೆಸುವ ವಿದ್ಯೆಯು ಅಡಿಗೆಮನೆಯ ವಿದ್ಯೆಗೆ ದೂರವಲ್ಲವೆಂಬುದನ್ನು ನಮ್ಮ ಪೂರ್ವವಿದ್ಯಾರ್ಥಿನಿಯರು ಕೂಡಲೇ ಕಂಡುಕೊಳ್ಳುವರು.

ಮೊದಲು ಸತುವಿನ ಆಕ್ಸೈಡನ್ನು ತೆಗೆದುಕೊಳ್ಳೋಣ. ಸತುವಿನ ನೈಟ್ರೇಟ್ ಎಂಬ ಲವಣವನ್ನು ನೀರಿನಲ್ಲಿ ಕರಗಿಸಿ ಅದಕ್ಕೆ ಒಮ್ಮೆಗೇ ಕ್ಷಾರವನ್ನು ಸುರಿದರೆ ಬಿಳಿಯ ಗಸಿಯು ತಳಕ್ಕೆ ಇಳಿಯುವುದಲ್ಲದೆ ಬೇರೇನೂ ಆಗದು. ಹಾಲಿಗೆ ಹುಳಿ ಹಿಂಡಿದರೆ ಒಡೆಯುವುದು. ಹೆಪ್ಪು ಹಾಕಿದರೆ ನಿಧಾನವಾಗಿ ಗಟ್ಟಿ ಮೊಸರಾಗುವುದು. ಇಲ್ಲಿ ಹೆಪ್ಪಿನ ಕೆಲಸವನ್ನು ಮಾಡುವ ವಸ್ತುವಿಗೆ ಹೆಕ್ಸಮೀನ್ ಎಂದು ಹೆಸರು. ಬಿಸಿನೀರಿನಲ್ಲಿ ಅದು ಮೆಲ್ಲಮೆಲ್ಲನೆ ಒಡೆದು ಅಮೋನಿಯವನ್ನು ಬಿಡುತ್ತಾ ಹೋಗುವುದರಿಂದ ಕ್ಷಾರವು ತೊಟ್ಟುತೊಟ್ಟಾಗಿ ಒದಗುವುದು. ಗಾಜಿನ ಮೇಲೆ ಮುಂಚಿತವಾಗಿ ಸತುವಿನ ಆಕ್ಸೈಡಿನ ಅತಿ ಸಣ್ಣ ಹರಳುಗಳನ್ನು ಬೀಜವಾಗಿ ಬಿತ್ತಿರುವರು. ದಾರಕ್ಕೆ ಕಲ್ಲುಸಕ್ಕರೆಯ ಚೂರನ್ನು ಕಟ್ಟಿ ಪಾಕದಲ್ಲಿ ಇಳಿಬಿಟ್ಟರೆ ಹರಳು ಬೆಳೆಯುವಂತೆ, ಈ ಬೀಜಗಳ ಮೇಲೆ ಆರು ಮೂಲೆಯ ಕಡ್ಡಿಗಳು ಏಳುವುವು. ಬೀಜದ ಮಗ್ಗುಲನ್ನು ಕೆಳಮುಖವಾಗಿ ತೂಗುಹಾಕುವುದು ವಾಡಿಕೆ. ಹಾಗೆ ಮಾಡದಿದ್ದರೆ ದ್ರಾವಣದಲ್ಲಿ ತಾನಾಗಿ ಹುಟ್ಟುವ ಗಸಿಯು ಕಡ್ಡಿಗಳ ಮೇಲೆ ಕುಳಿತು ಕೆಡಿಸುವುದು.

ಕಡ್ಡಿಗಳು ನೆಟ್ಟಗೆ ನಿಲ್ಲುವುದು ಹೇಗೆಂದು ಕೇಳಬಹುದು. ಆ ಹರಳು ಸ್ವಭಾವತಃ ಒಂದು ದಿಕ್ಕಿನಲ್ಲಿ ಮಿಕ್ಕ ದಿಕ್ಕುಗಳಿಗಿಂತ ಬೇಗ ಬೆಳೆಯುವುದು. ಒತ್ತಾಗಿ ಬಿತ್ತಿದ ಸಸಿಮಡಿಯಲ್ಲಿ ಓರೆಯಾಗಿ ಹೊರಟ ಸಸಿಯು ನೆರೆಯ ಸಸಿಗೆ ತಾಗಿ ನಿಲ್ಲುವುದು, ನೇರವಾಗಿ ಹೊರಟದ್ದು ಮೇಲೇರುವುದು. ಇಲ್ಲಿಯೂ ಹಾಗೆಯೇ. ಅಮೆರಿಕದ ಬರ್ಕ್ಲಿಯ ವಿಶ್ವವಿದ್ಯಾಲಯದವರು ೨೦೦೫ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಸುಮಾರು ೯೨ ಡಿಗ್ರಿ ಸೆಂಟಿಗ್ರೇಡಿನಲ್ಲಿ, ಎಂದರೆ ನೀರು ಕುದಿಯುವುದಕ್ಕಿಂತಲೂ ಕಡಿಮೆ ಬಿಸಿಯಲ್ಲಿ, ಇಂಥ ಕಡ್ಡಿಗಳ ಕಾಡನ್ನೇ ಬೆಳೆಸಿದರು. ಪಕ್ಕಗಳಿಗೆ ಅಂಟಿಕೊಳ್ಳುವ ಇನ್ನೊಂದು ವಸ್ತುವನ್ನು ದ್ರಾವಣಕ್ಕೆ ಸೇರಿಸಿದುದರಿಂದ ಕಡ್ಡಿಗಳು ದಪ್ಪವಾಗದೆ ಉದ್ದವಾದವು.

ಕಬ್ಬಿಣದ ಆಕ್ಸೈಡಿನ ಕ್ರಮವೂ ಹೀಗೆಯೇ ಸರಳ. ಸ್ವೀಡನ್ ದೇಶದ ಉಪ್ಸಾಲಾ ವಿಶ್ವವಿದ್ಯಾಲಯದಲ್ಲಿ ಲಿಯೊನೆಲ್ ವೇಸಿಯೆರ್ ಮತ್ತು ಅವರ ಸಂಗಡಿಗರು ೨೦೦೧ರಲ್ಲಿ ಪ್ರಕಟಿಸಿದ ಪ್ರಕಾರ, ಕಬ್ಬಿಣದ ಕ್ಲೋರೈಡು ಮತ್ತು ಸೋಡಿಯಂ ನೈಟ್ರೇಟ್ ಇವುಗಳ ಹುಳಿಯಾದ ದ್ರಾವಣದಲ್ಲಿ ಗಾಜನ್ನಿಟ್ಟು ಸುಮಾರು ೧೦೦ ಡಿಗ್ರಿಯಲ್ಲಿ ಕಾಯಿಸಿದರೆ, ತುಕ್ಕಿನ ಬಳಗಕ್ಕೆ ಸೇರಿದ ಹಳದಿ ವಸ್ತುವು ಕಡ್ಡಿಗಳಾಗಿ ಬೆಳೆಯುವುದು. ಅನಂತರ ಕುಲುಮೆಯಲ್ಲಿಟ್ಟು ೫೫೦ ಡಿಗ್ರಿಯವರೆಗೆ ಸುಟ್ಟರೆ ಕಡ್ಡಿಗಳು ಬೀಳದೆಯೇ ಹಳದಿಯು ಕೆಂಪಾಗುವುದು. ಹಸಿಯ ಮಡಕೆಯು ಆವಿಗೆಯಲ್ಲಿ ಆಕಾರ ಕೆಡದೆ ಬಣ್ಣ ತಿರುಗುವಂತೆ. ಗಾಜಿನ ಮೇಲೆ ವಿದ್ಯುತ್ತು ಹರಿಯುವುದಕ್ಕಾಗಿ ತವರದ ಆಕ್ಸೈಡನ್ನು ಲೇಪಿಸಿರುವರು. ಕೆಲವರು ೮೦೦ ಡಿಗ್ರಿಯವರೆಗೂ ಕಾಯಿಸಿ ನೋಡಿದಾಗ ಆ ಲೇಪದಿಂದ ಸ್ವಲ್ಪ ತವರವು ಕೆಮ್ಮಣ್ಣಿನೊಳಕ್ಕೆ ಸೇರಿ ಅದರ ಗುಣವನ್ನು ಹೆಚ್ಚಿಸಿತು. ನನ್ನ ವಿದ್ಯಾರ್ಥಿನಿಯು ತಂದ ಗಾಜು ಈ ಕ್ರಮದಿಂದ ಬೆಳೆಸಿದ್ದು. ಅದಕ್ಕೆ ಮೊದಲು ಎಷ್ಟು ಗಾಜುಗಳು ಕೆಟ್ಟುಹೋದವೆಂದು ಕೇಳಿದ್ದಕ್ಕೆ ಅವಳು ನಕ್ಕು, "ಲೆಕ್ಕ ಇಟ್ಟಿದ್ದೇನೆ ಟೀಚರ್, ಹೇಳುವುದಿಲ್ಲ" ಎಂದಳು.

ಟೈಟಾನಿಯಂ ಲೋಹದ ತಗಡನ್ನು ಫ್ಲೋರೈಡುಳ್ಳ ದ್ರಾವಣದಲ್ಲಿಟ್ಟು ವಿದ್ಯುತ್ತು ಹರಿಸಿದರೆ, ಮೇಲೆ ಆಕ್ಸೈಡು ಕಟ್ಟುತ್ತಿರುವಾಗಲೇ ಫ್ಲೋರೈಡು ಅದನ್ನು ಕೊರೆಯುತ್ತಾ ಹೋಗುವುದು. ಕಟ್ಟುವುದೂ ಕೊರೆಯುವುದೂ ಸಮತೂಕವಾದಾಗ ಜೇನುಗೂಡಿನಂತೆ ಸಾಲು ಸಾಲಾದ ನಳಿಗೆಗಳು ಉಂಟಾಗುವುವು. ಫ್ಲೋರೈಡಿನ ಆಮ್ಲವು ಬಹು ಅಪಾಯಕರವಾದುದರಿಂದ ಇದು ಶಾಲೆಯಲ್ಲಿ ಮಾಡತಕ್ಕ ಪ್ರಯೋಗವಲ್ಲ.

೫. ಬಣ್ಣದ ಸಹಾಯ

ಟೈಟಾನಿಯಂ ಆಕ್ಸೈಡು ಬಿಸಿಲನ್ನು ಹಿಡಿಯಲಾರದೆಂದು ಮೇಲೆ ಹೇಳಿದೆನು. ತಾನು ಹಿಡಿಯಲಾರದಿದ್ದರೆ ಹಿಡಿಯಬಲ್ಲ ಬಣ್ಣವೊಂದನ್ನು ಅದರ ಮೈಗೆ ಹಚ್ಚಬಹುದು. ಬಣ್ಣದ ಅಣುವು ಬೆಳಕನ್ನು ಹಿಡಿದು ತನ್ನ ಎಲೆಕ್ಟ್ರಾನನ್ನು ಬಿಳಿಯ ಪುಡಿಗೆ ಒಪ್ಪಿಸುವುದು. ಆದರೆ ನುಣುಪಾದ ಹಲಗೆಯ ಮೇಲೆ ಒಂದೇ ಪದರ ಬಣ್ಣ ಹಿಡಿಯುವುದು. ಅದು ಹೀರುವ ಬೆಳಕು ಬಹಳ ಸ್ವಲ್ಪ. ೧೯೯೧ರಲ್ಲಿ ಸ್ವಿಟ್ಜರ್ಲೆಂಡಿನ ಲೋಸಾನ್ ನಗರದಲ್ಲಿ ಬ್ರಯನ್ ಓರೀಗನ್ ಮತ್ತು ಮೈಕೆಲ್ ಗ್ರೆಟ್ಸೆಲ್ ಎಂಬವರು ಹಲಗೆಗೆ ಬದಲಾಗಿ, ಕೆಲವು ನ್ಯಾನೋಮೀಟರು ಗಾತ್ರದ ಕಣಗಳನ್ನು ಸಕ್ಕರೆಯ ಅಚ್ಚಿನಂತೆ ಒಂದಕ್ಕೊಂದು ಅಂಟಿಸಿ, ಒಂದು ಮಿಲಿಮೀಟರಿನ ನೂರರಲ್ಲೊಂದು ಪಾಲಿನಷ್ಟು ದಪ್ಪದ ಲೇಪವನ್ನು ಮಾಡಿದರು. ಅದರ ಒಳಗಿನ ಸಂದುಗೊಂದುಗಳನ್ನೆಲ್ಲಾ ಲೆಕ್ಕ ಹಿಡಿದರೆ, ಬಣ್ಣ ಹಿಡಿಯುವ ಮೈಯು ನೂರಾರು ಪಟ್ಟು ಹೆಚ್ಚುವುದು. ಬಿಸಿಲಿನ ಶಕ್ತಿಯಲ್ಲಿ ನೂರಕ್ಕೆ ೭ಕ್ಕಿಂತ ಹೆಚ್ಚು ಪಾಲು ವಿದ್ಯುತ್ತಾಯಿತು. ೨೦೧೪ರಲ್ಲಿ ಆರಂಭವಾದ ಅದೇ ಊರಿನ ಸಭಾಭವನವೊಂದರ ಗೋಡೆಗೆ ಈ ಜಾತಿಯ ಬಣ್ಣಬಣ್ಣದ ಗಾಜುಗಳನ್ನು ಹೊಂದಿಸಿರುವರು.

ಅದೇ ಗ್ರೆಟ್ಸೆಲ್ ಮತ್ತು ಗ್ರೆಗ್ ಸ್ಮೆಸ್ಟಾಡ್ ಎಂಬವರು ೧೯೯೮ರಲ್ಲಿ ಹಣ್ಣಿನ ರಸದಿಂದಲೇ ಇದನ್ನು ಮಾಡಿ ತೋರಿಸುವ ಕ್ರಮವನ್ನು ಶಾಲೆಗಳ ಉಪಯೋಗಕ್ಕಾಗಿ ಬರೆದರು. ಕಪ್ಪುಬಣ್ಣದ ಬೆರ್ರಿ ಹಣ್ಣು ಅವರದು. ಅದೇ ವರ್ಗದ ಬಣ್ಣವು ನಮ್ಮ ನೇರಳೆ ಹಣ್ಣಿನಲ್ಲಿಯೂ ದಾಸವಾಳದಲ್ಲಿಯೂ ಪುನರ್ಪುಳಿಯಲ್ಲಿಯೂ ಉಂಟು. ನಮ್ಮ ಮೇಲಿನ ತರಗತಿಯವರು ನೇರಳೆ ಹಣ್ಣಿನ ಕಾಲದಲ್ಲಿ ಇದನ್ನು ಮಾಡಿ ನೋಡಿದರು. ಬಿಳಿಯ ಪುಡಿಯನ್ನು ತೆಳುವಾದ ವಿನೆಗರಿನಲ್ಲಿ ಅರೆದು, ವಿದ್ಯುತ್ತು ಹರಿಯುವ ಗಾಜಿಗೆ ಸವರಿ, ಹತ್ತಿರದ ಕಾಲೇಜಿನ ಕುಲುಮೆಯಲ್ಲಿ ೪೫೦ ಡಿಗ್ರಿಯಲ್ಲಿ ಅರ್ಧ ಗಂಟೆ ಕಾಯಿಸಿದೆವು. ಮೊದಲನೆಯದು ಕೆರೆಯ ಒಣಮಣ್ಣಿನಂತೆ ಬಿರಿದು ಉದುರಿಹೋಯಿತು. ದಪ್ಪನಾಗಿ ಸವರಲು ಹೇಳಿದವಳು ನಾನೇ. ಎರಡನೆಯ ಸಲ ಹುಡುಗಿಯರು ನನ್ನನ್ನು ಕೇಳದೆ ತೆಳ್ಳಗೆ ಸವರಿದರು, ಅದು ನಿಂತಿತು. ರಸದಲ್ಲಿ ಅದ್ದಿ, ಪೆನ್ಸಿಲಿನ ಸೀಸ ಉಜ್ಜಿದ ಇನ್ನೊಂದು ಗಾಜನ್ನು ಮೇಲಿಟ್ಟು, ನಡುವೆ ಅಯೋಡಿನ್ ದ್ರಾವಣವನ್ನು ಬಿಟ್ಟು ಅಂಗಳಕ್ಕೆ ಒಯ್ದಾಗ ಮೀಟರಿನ ಮುಳ್ಳು ಎದ್ದಿತು. ಅರ್ಧ ವೋಲ್ಟಿಗೂ ಕಡಿಮೆಯೇ. ಮೋಡವೊಂದು ಬಿಸಿಲಿಗೆ ಅಡ್ಡಬಂದಾಗ ಮುಳ್ಳು ಇಳಿಯಿತು. ಮೋಡ ಸರಿದಾಗ ಪುನಃ ಎದ್ದಿತು. ಆ ದಿನ ಗಂಟೆ ಬಾರಿಸಿದರೂ ಯಾರೂ ಒಳಗೆ ಹೋಗಲಿಲ್ಲ, ನಾನೂ ಕರೆಯಲಿಲ್ಲ.

೬. ಫಲವೆಷ್ಟು?

ತಂದೆತಾಯಂದಿರು ಕೇಳತಕ್ಕ ಪ್ರಶ್ನೆ ಇದು. ಮರೆಮಾಚದೆ ಹೇಳುವೆನು. ಮನೆಗಳ ಮಾಳಿಗೆಯ ಮೇಲೂ ತುಮಕೂರು ಜಿಲ್ಲೆಯ ಪಾವಗಡದ ವಿಶಾಲವಾದ ಸೌರಕ್ಷೇತ್ರದಲ್ಲಿಯೂ ಕಾಣುವ ಫಲಕಗಳು ಬಹುಮಟ್ಟಿಗೆ ಸಿಲಿಕಾನಿನವು. ಇಂದು ಮಾರಾಟವಾಗುವ ಒಳ್ಳೆಯ ಸಿಲಿಕಾನ್ ಫಲಕವು ಬಿಸಿಲಿನ ಶಕ್ತಿಯಲ್ಲಿ ನೂರಕ್ಕೆ ೨೦ಕ್ಕಿಂತ ಹೆಚ್ಚು ಪಾಲನ್ನು ವಿದ್ಯುತ್ತಾಗಿ ಕೊಡುವುದು. ಮೇಲೆ ಹೇಳಿದ ಬರ್ಕ್ಲಿಯ ಕಡ್ಡಿಗಳು ಬಣ್ಣದ ಸಹಾಯದಿಂದ ೨೦೦೫ರಲ್ಲಿ ಕೊಟ್ಟದ್ದು ನೂರಕ್ಕೆ ೧.೫ ಮಾತ್ರ. ಕೆಮ್ಮಣ್ಣಿನಿಂದ ಒಂದು ಚದರ ಸೆಂಟಿಮೀಟರಿಗೆ ಹೆಚ್ಚೆಂದರೆ ಸುಮಾರು ೧೨.೬ ಮಿಲಿಆಂಪಿಯರು ವಿದ್ಯುತ್ತು ದೊರೆಯಬಹುದೆಂದು ಲೆಕ್ಕ. ಲೋಸಾನಿನವರು ೨೦೦೬ರಲ್ಲಿ ಸ್ವಲ್ಪ ಸಿಲಿಕಾನನ್ನು ಬೆರಸಿ ಹೂಕೋಸಿನ ಆಕಾರದಲ್ಲಿ ಬೆಳೆಸಿದ ಕೆಮ್ಮಣ್ಣು ೨.೨ ಕೊಟ್ಟಾಗ ಅದನ್ನೇ ದೊಡ್ಡ ಜಯವೆಂದೆಣಿಸಿದರು. ಅದೂ ಅಲ್ಲದೆ, ಕೆಮ್ಮಣ್ಣು ತಾನೊಂದೇ ನೀರನ್ನು ಒಡೆಯಲಾರದು. ಹೊರಗಿನಿಂದ ಸ್ವಲ್ಪ ವಿದ್ಯುತ್ತಿನ ಊರೆಗೋಲು ಬೇಕು. ಹೆಚ್ಚಿನ ಫಲವು ತರುವಾಯ ಬಂದಿದೆ, ಆದರೂ ದಾರಿ ಇನ್ನೂ ಉಳಿದಿದೆ.

ಹಾಗಾದರೆ ಇಷ್ಟು ಶ್ರಮ ವ್ಯರ್ಥವೋ? ಹಾಗೆ ಹೇಳಲಾಗದು. ೨೦೦೯ರಲ್ಲಿ ಜಪಾನಿನ ತ್ಸುತೋಮು ಮಿಯಾಸಾಕರವರ ಪ್ರಯೋಗಶಾಲೆಯವರು ಟೈಟಾನಿಯಂ ಆಕ್ಸೈಡಿನ ಇದೇ ಲೇಪದ ಮೇಲೆ ಬಣ್ಣಕ್ಕೆ ಬದಲಾಗಿ ಪೆರೋವ್‌ಸ್ಕೈಟ್ ಜಾತಿಯ ಹರಳನ್ನು ಬೆಳೆಸಿ ನೂರಕ್ಕೆ ೩.೮ ಪಡೆದರು. ಆ ಮಾರ್ಗದಲ್ಲಿಯೇ ಮುಂದುವರಿದವರು ಇಂದು ಸಣ್ಣ ತುಂಡುಗಳಲ್ಲಿ ನೂರಕ್ಕೆ ೨೬ಕ್ಕೂ ಮಿಗಿಲಾಗಿ ಪಡೆದಿರುವರು. ಅದರಲ್ಲಿ ಸೀಸವೆಂಬ ವಿಷಲೋಹವಿದೆ, ತೇವಕ್ಕೆ ಬೇಗ ಕೆಡುವುದು. ಈ ದೋಷಗಳ ಪರಿಹಾರಕ್ಕಾಗಿ ಕೆಲಸ ನಡೆಯುತ್ತಿದೆ. ಅಂಥ ಅನೇಕ ಫಲಕಗಳಲ್ಲಿ ಎಲೆಕ್ಟ್ರಾನನ್ನು ಹೊರಕ್ಕೆ ಕರೆದೊಯ್ಯುವ ದಾರಿಯಾಗಿ ಇಂದಿಗೂ ಇರುವುದು ಟೈಟಾನಿಯಂ ಅಥವಾ ತವರದ ಆಕ್ಸೈಡಿನ ಪದರವೇ. ಆಕ್ಸೈಡುಗಳ ಅಭ್ಯಾಸದಲ್ಲಿ ದೀರ್ಘಕಾಲ ದುಡಿದು ೨೦೧೪ರಲ್ಲಿ ಭಾರತರತ್ನವನ್ನು ಸ್ವೀಕರಿಸಿದ ಪ್ರೊಫೆಸರ್ ಸಿ. ಎನ್. ಆರ್. ರಾವ್ ರವರು ನಮ್ಮ ಬೆಂಗಳೂರಿನವರೇ ಎಂಬುದನ್ನು ಮಕ್ಕಳಿಗೆ ತಿಳಿಸಲು ಸಂತೋಷವಾಗುವುದು.

ಪ್ರಿಯ ಪೂರ್ವವಿದ್ಯಾರ್ಥಿನಿಯರೇ, ನಿಮ್ಮಲ್ಲಿ ಯಾರ ಬಳಿಯಾದರೂ ಆ ಹಳೆಯ ರಸಾಯನಶಾಸ್ತ್ರದ ಪುಸ್ತಕವಿದ್ದರೆ, ದಯವಿಟ್ಟು ತೆಗೆದು, ತುಕ್ಕಿನಿಂದ ಪ್ರಯೋಜನವಿಲ್ಲವೆಂಬ ವಾಕ್ಯವನ್ನು ಹೊಡೆದುಹಾಕಿರಿ. ಅದರ ಸ್ಥಳದಲ್ಲಿ ಹೀಗೆ ಬರೆಯಿರಿ: ತುಕ್ಕು ಕಬ್ಬಿಣದ ಕಿಟಕಿಯನ್ನು ತಿನ್ನುವುದು ನಿಜ, ಅದೇ ವಸ್ತುವನ್ನು ತಕ್ಕ ಆಕಾರದಲ್ಲಿ ಬೆಳೆಸಿದರೆ ಬಿಸಿಲನ್ನು ಹಿಡಿಯುವುದೂ ನಿಜ. ತಂದೆತಾಯಂದಿರಲ್ಲಿ ಒಂದು ಅರಿಕೆ. ಮಕ್ಕಳು ಹೊತ್ತಲ್ಲದ ಹೊತ್ತಿನಲ್ಲಿ ವಿಚಿತ್ರವಾದ ಪ್ರಶ್ನೆಯನ್ನು ಕೇಳಿದಾಗ, ಉತ್ತರ ತಿಳಿಯದಿದ್ದರೆ ತಿಳಿಯದೆಂದು ಹೇಳಿರಿ. ಇಲ್ಲವೆಂದು ಹೇಳಿ ಮುಗಿಸಬೇಡಿರಿ. ಆ ಹುಡುಗಿಯು ನನ್ನ ಉತ್ತರವನ್ನು ಪುಸ್ತಕದಲ್ಲಿ ಬರೆದುಕೊಂಡಳು, ಆದರೆ ನಂಬಲಿಲ್ಲ. ಅದು ನಮ್ಮೆಲ್ಲರ ಭಾಗ್ಯ. ಅವಳೊಡನೆ ಬರೆದುಕೊಂಡ ಮಿಕ್ಕ ಮೂವತ್ತೊಂಬತ್ತು ಮಂದಿಯಲ್ಲಿ ಎಷ್ಟು ಜನರು ನಂಬಿ ಸುಮ್ಮನಾದರೋ ಎಂಬುದೇ ನನ್ನ ಚಿಂತೆ. ಅವರಿಗಾಗಿಯೇ ಇದನ್ನು ಬರೆದೆನು.